ಮೈದಾನದ ಕೆಲಸ ಎಲ್ಲಿಗೆ ಬಂತು? ಜಮಾಬಂದಿಯಲ್ಲಿ ಕೇಳಿ

ಕೊಳ್ಳೇಗಾಲದಿಂದ ಹನೂರಿನ ದಾರಿ ಹಿಡಿದರೆ ನಡುವೆ ಕಾಮಗೆರೆ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರು ಇದೇ ರಸ್ತೆಯಲ್ಲಿ ಸಾಗುತ್ತಾರೆ. ಇಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳವರು ಬರುತ್ತಾರೆ. ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಊರು ಈಗ ಹನೂರು ತಾಲ್ಲೂಕಿನದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಹಾಗಾಗಿ ಚರಂಡಿಯಾಗಲಿ, ಬೀದಿದೀಪವಾಗಲಿ, ಮಕ್ಕಳ ಆಟದ ಜಾಗವಾಗಲಿ, ಜನ ಹೋಗಿ ಕೇಳುವ ಬಾಗಿಲು ಗ್ರಾಮ ಪಂಚಾಯಿತಿಯದೇ.

ಆಟದ ಜಾಗದ ವಿಷಯದಲ್ಲಿ ಹಳ್ಳಿಗಳಿಗೆ ಮೊದಲಿನಿಂದಲೂ ಒಂದು ಕೊರತೆಯಿದೆ. ಸಂವಿಧಾನದ 12ನೇ ಅನುಸೂಚಿ ಉದ್ಯಾನ, ಆಟದ ಮೈದಾನಗಳನ್ನು ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ಪಾಲಿಗೆ ಹೆಸರಿಸಿ ಕೊಟ್ಟಿದೆ. ಪಂಚಾಯಿತಿಗಳಿಗಾಗಿ ಇರುವ 11ನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಕುಡಿಯುವ ನೀರು, ಗ್ರಂಥಾಲಯ, ಸಂತೆ–ಜಾತ್ರೆ ಎಲ್ಲವೂ ಇವೆ, ಮೈದಾನ ಮಾತ್ರ ಇಲ್ಲ. ಹಳ್ಳಿ ಮಕ್ಕಳಿಗೆ ಹೊಲ–ಗದ್ದೆಯೇ ಸಾಕು ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ. ಹೊಲ ಯಾರದೋ ಸ್ವತ್ತು, ಬೆಳೆ ನಿಂತಾಗ ಅಲ್ಲಿ ಕಬಡ್ಡಿ ಆಡುವಂತಿಲ್ಲ.

ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. ಮೈದಾನ ಮಾಡುವುದು ಅದರ ಕಾಮಗಾರಿ ಪಟ್ಟಿಯಲ್ಲಿತ್ತು. ರಾಜ್ಯದ ಎಷ್ಟೋ ಶಾಲೆಗಳ ಅಂಗಳ ಹಾಗೆ ಸಮತಟ್ಟಾಯಿತು. ಅದಕ್ಕೆ ಗ್ರಾಮಸಭೆಯಲ್ಲಿ ಬೇಡಿಕೆ ಇಟ್ಟು ಕ್ರಿಯಾ ಯೋಜನೆಗೆ ಸೇರಿಸಬೇಕಿತ್ತು. ಆಮೇಲೆ ಎಸ್ಟಿಮೇಟು, ಎನ್‌ಎಂಆರ್ ಎಂಬ ಕೂಲಿ ಹಾಜರಿ ಪಟ್ಟಿ, ಕೂಲಿಕಾರರ ಗುಂಪಿಗೊಬ್ಬ ಕಾಯಕ ಬಂಧು ಎಂಬ ಮೇಲ್ವಿಚಾರಕ. ಗುತ್ತಿಗೆದಾರರಿಗೆ ಜಾಗವಿರಲಿಲ್ಲ. ಕೆಲಸಕ್ಕೆ ಮುಂಚೆ, ನಡೆಯುವಾಗ, ಮುಗಿದ ಮೇಲೆ ಜಿಪಿಎಸ್ ಫೋಟೊ. ಎಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಬಿಲ್ಲು.

ಮಕ್ಕಳು ಸೇರುವ ಇನ್ನೊಂದು ಜಾಗ ಗ್ರಂಥಾಲಯ, ಅದರ ಕಥೆ ಮೈದಾನದ್ದಕ್ಕಿಂತ ಸರಳ. ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಹಲವು ಕಡೆ ಪುಸ್ತಕದ ಜೊತೆಗೆ ಚದುರಂಗ, ಕೇರಂ ಕೂಡ ಇವೆ.

ಇಷ್ಟೆಲ್ಲ ಆಯಿತೋ ಇಲ್ಲವೋ ಎಂದು ಊರವರೇ ನೋಡುವ ಏರ್ಪಾಡು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ಆರ್ಥಿಕ ವರ್ಷದ ಜಮಾ–ಖರ್ಚು, ಕಾಮಗಾರಿಗಳ ತಪಾಸಣೆ ನಡೆಯಬೇಕು. ಕೊಳ್ಳೇಗಾಲ ಸೀಮೆಗೆ ಜಮಾಬಂದಿ ಹೊಸದಲ್ಲ. 1956ರವರೆಗೆ ಈ ಭಾಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಅಲ್ಲಿ ಜಮಾಬಂದಿಯೆಂದರೆ ಸರ್ಕಾರ ರೈತರ ಕಂದಾಯದ ಲೆಕ್ಕ ನೋಡುತ್ತಿದ್ದ ದಿನ. ಈಗ ಲೆಕ್ಕ ಒಪ್ಪಿಸುವ ಸರದಿ ಪಂಚಾಯಿತಿಯದು. ನನಗೆ ಇದು ಪಂಚಾಯತ್ ರಾಜ್ ವ್ಯವಸ್ಥೆಯ ಅತ್ಯಂತ ಚೆಂದದ ಭಾಗವಾಗಿ ಕಾಣುತ್ತದೆ.

ಅಂದು ತಾಲ್ಲೂಕು ಪಂಚಾಯಿತಿ ಕಡೆಯ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಸದಸ್ಯರು, ಊರವರು ಒಟ್ಟಿಗೆ ಕೂರುತ್ತಾರೆ. ಕಡತ ಓದಿ ಎದ್ದರೆ ಮುಗಿಯಲಿಲ್ಲ, ಕಾಮಗಾರಿ ಜಾಗಕ್ಕೂ ನಡೆಯಬೇಕು. ಬಹಳ ಕಡೆ ಜನ ಬರುವುದು ಬೆರಳೆಣಿಕೆಯಷ್ಟು. ಮೈದಾನದಲ್ಲಿ ದಿನವೂ ಆಡುವ ಹುಡುಗಿಯರು, ಹುಡುಗರು, ಅರಿವು ಕೇಂದ್ರಕ್ಕೆ ಹೋಗುವ ಮಕ್ಕಳು ಅಲ್ಲಿರಬೇಕು. ಮಳೆ ಬಂದರೆ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ದೀಪ ಎಂದಿನಿಂದ ಉರಿಯುತ್ತಿಲ್ಲ ಎಂಬುದು ಅವರಿಗೆ ಗೊತ್ತು. ಅಳತೆ ಪುಸ್ತಕದಲ್ಲಿ ಬರೆದ ಉದ್ದ–ಅಗಲವನ್ನು ಗಟ್ಟಿಯಾಗಿ ಓದಿಸಿ, ಟೇಪು ಹಿಡಿದು ನೋಡಬಹುದು. ಕೆಲಸದ ಜಾಗದ ನಾಮಫಲಕದಲ್ಲಿ ಅಂದಾಜು ಮೊತ್ತ, ಮಾನವ ದಿನಗಳು ಬರೆದಿರಬೇಕು, ಅದನ್ನೂ ಕಡತದ ಪಕ್ಕಕ್ಕಿಟ್ಟು ತಾಳೆ ನೋಡಬಹುದು. ತಾಳೆಯಾಗದಿದ್ದರೆ ಅಲ್ಲೇ ನಡಾವಳಿಯಲ್ಲಿ ಬರೆಸಬೇಕು.