ತೋರುವ ದೋಷವೂ ಹುಟ್ಟಿದ ದೋಷವೂ

ಯಾವ ಬರೆಹದಲ್ಲಿಯೇ ಆಗಲಿ, ದೋಷವು ಕಣ್ಣಿಗೆ ಬೀಳುವ ಸ್ಥಳ ಒಂದು, ಅದು ಹುಟ್ಟಿದ ಸ್ಥಳ ಇನ್ನೊಂದು. ಓಲೆಯ ಪ್ರತಿಯೊಂದರಲ್ಲಿ ಛಂದಸ್ಸು ಕೆಟ್ಟ ಪದ್ಯ ಎದುರಾದಾಗ ಅನುಭವಿಯಾದ ಗ್ರಂಥಸಂಪಾದಕನು ಆ ಗಣವನ್ನು ತನ್ನ ಮನಸ್ಸಿಗೆ ತೋರಿದಂತೆ ತಿದ್ದಿ ಮುಂದೆ ಹೋಗುವುದಿಲ್ಲ. ಲಿಪಿಕಾರನು ಪಕಾರವನ್ನು ವಕಾರವೆಂದು ಓದಿಕೊಂಡನೋ, ಒಂದು ಸಾಲನ್ನು ಹಾರಿಸಿದನೋ, ಅವನ ಮುಂದಿದ್ದ ಮೂಲಪ್ರತಿಯೇ ಕೆಟ್ಟಿತ್ತೋ ಎಂದು ವಿಚಾರಿಸಿ, ಪ್ರತಿಯಿಂದ ಪ್ರತಿಗೆ ಹಿಂದಕ್ಕೆ ನಡೆದು, ದೋಷದ ಜನ್ಮಸ್ಥಾನವನ್ನು ಕಂಡ ಬಳಿಕವೇ ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಗಣಕಯಂತ್ರಕ್ಕಾಗಿ ಬರೆದ ಬರೆಹವನ್ನು ತಿದ್ದುವವರಿಗೂ ಇದಕ್ಕಿಂತ ಬೇರೆಯಾದ ಮಾರ್ಗವಿಲ್ಲ.

ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಪಹಣಿಯ ನಕಲು, ರೈಲಿನ ಮುಂಗಡ ಟಿಕೆಟು ಮೊದಲಾದವೆಲ್ಲ ಇಂದು ಅಂತರಜಾಲದ ಪುಟಗಳ ಮೂಲಕವೇ ಜನರಿಗೆ ದೊರೆಯುತ್ತಿವೆ. ಕೇಳುವವನ ಕೈಯಲ್ಲಿರುವ ಯಂತ್ರವು ದೂರದ ಸರ್ವರ್ ಎಂಬ ಗಣಕಕ್ಕೆ ಕೋರಿಕೆಯನ್ನು ಕಳುಹಿಸುತ್ತದೆ. ಅಲ್ಲಿರುವ ಕ್ರಮವಿಧಿ, ಎಂದರೆ ಪ್ರೋಗ್ರಾಮು, ದತ್ತಾಂಶದ ಕೋಷ್ಠಕಗಳಿಂದ ಬೇಕಾದುದನ್ನು ತೆಗೆದು, ಆ ಕ್ಷಣದಲ್ಲಿಯೇ ಪುಟವೊಂದನ್ನು ರಚಿಸಿ ಹಿಂದಿರುಗಿಸುತ್ತದೆ. ಪಂಕ್ತಿಯಲ್ಲಿ ಕುಳಿತವನಿಗೆ ಎಲೆಯ ಮೇಲೆ ಬಡಿಸಿದ ಅಡಿಗೆ ಮಾತ್ರ ಕಾಣುತ್ತದೆ. ಒಲೆಯ ಮುಂದೆ ನಡೆದುದು ಕಾಣುವುದಿಲ್ಲ. ಇಂಥ ಕ್ರಮವಿಧಿಗಳನ್ನು ಬರೆಯಲು ಬಳಸುವ ಭಾಷೆಗಳಲ್ಲಿ ಪಿಎಚ್‌ಪಿ ಎಂಬುದು ಬಹು ಪ್ರಚಾರದಲ್ಲಿರುವಂಥದು. ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ ತಮ್ಮ ಸ್ವಂತ ಪುಟಗಳ ಉಪಯೋಗಕ್ಕಾಗಿ ಇದನ್ನು ಆರಂಭಿಸಿ, 1995ರಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಿದರು. ಕಲಿಯುವವರು ಅದರಲ್ಲಿ ಪದೇ ಪದೇ ಎಡವುವ ಕೆಲವು ಸ್ಥಳಗಳನ್ನೂ, ಎದ್ದು ನಿಲ್ಲುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲನೆಯದು ವಾಕ್ಯರಚನೆಯ ದೋಷ. ಪಿಎಚ್‌ಪಿಯಲ್ಲಿ ಪ್ರತಿಯೊಂದು ವಾಕ್ಯವೂ ಅರ್ಧವಿರಾಮ ಚಿಹ್ನೆಯಿಂದ ಮುಗಿಯತಕ್ಕದ್ದು. ಹತ್ತನೆಯ ಸಾಲಿನಲ್ಲಿ ಅದು ಬಿಟ್ಟುಹೋಯಿತೆನ್ನಿ; ಯಂತ್ರವು ಸಾಮಾನ್ಯವಾಗಿ ಹನ್ನೊಂದನೆಯ ಸಾಲಿನಲ್ಲಿ ದೋಷವಿದೆಯೆಂದು ದೂರುತ್ತದೆ. ವಿದ್ಯಾರ್ಥಿಯು ಹನ್ನೊಂದನೆಯ ಸಾಲನ್ನು ಹತ್ತು ಬಾರಿ ಓದಿದರೂ ಅಲ್ಲಿ ತಪ್ಪೇನೂ ಸಿಕ್ಕುವುದಿಲ್ಲ. ಕಾರಣವಿಷ್ಟೆ: ವಾಕ್ಯ ಮುಗಿಯಲಿಲ್ಲವಾದುದರಿಂದ ಯಂತ್ರವು ಮುಂದಿನ ಸಾಲನ್ನೂ ಅದೇ ವಾಕ್ಯದ ಭಾಗವೆಂದು ಓದುತ್ತ ಹೋಗಿ, ಅನ್ವಯವಾಗದ ಪದ ಎದುರಾದಲ್ಲಿ ನಿಲ್ಲುತ್ತದೆ. ತೆರೆದ ಆವರಣವನ್ನು ಮುಚ್ಚದೆ ಬಿಟ್ಟರಂತೂ ದೂರು ಕಡತದ ಕಟ್ಟಕಡೆಯ ಸಾಲಿಗೆ ಹೋಗುವುದುಂಟು. ಆದುದರಿಂದ ಸಂದೇಶದಲ್ಲಿರುವ ಸಾಲಿನ ಸಂಖ್ಯೆಯನ್ನು ಹುಡುಕಾಟದ ಆರಂಭವೆಂದು ತಿಳಿದು, ಅಲ್ಲಿಂದ ಹಿಂದಕ್ಕೆ ಓದುವುದೇ ಸರಿಯಾದ ಕ್ರಮ.

ಎರಡನೆಯದು ಬಿಳಿಯ ಪುಟ. ಪುಟವನ್ನು ಕೇಳಿದರೆ ಏನೊಂದೂ ಬಾರದೆ ಬರಿದಾದ ಪರದೆ ಕಾಣಿಸುತ್ತದೆ. ದೋಷ ನಡೆದಿದೆ, ಅದನ್ನು ಪರದೆಯ ಮೇಲೆ ತೋರಿಸಬಾರದೆಂಬ ಕಟ್ಟಳೆಯೂ ಇದೆ ಎಂಬುದೇ ಬಹುಮಟ್ಟಿಗೆ ಇದರ ಅರ್ಥ. ಈ ಕಟ್ಟಳೆ ಅನುಚಿತವಲ್ಲ. ಸಾರ್ವಜನಿಕರ ಉಪಯೋಗದಲ್ಲಿರುವ ಸರ್ವರ್ ತನ್ನ ಒಳಗಿನ ಕಡತಗಳ ಹೆಸರನ್ನೂ ದಾರಿಯನ್ನೂ ಹೊರಗಿನವರಿಗೆ ಹೇಳಕೂಡದು. ಆದರೆ ಅದೇ ದೋಷವು ಸರ್ವರ್‌ನ ಒಳಗಿರುವ ದೋಷಪುಸ್ತಕದಲ್ಲಿ ದಿನಾಂಕ, ವೇಳೆ, ಕಡತ, ಸಾಲುಗಳೊಡನೆ ದಾಖಲಾಗುವಂತೆ ಏರ್ಪಡಿಸಿರಬೇಕು. ಅನನುಭವಿಗಳು ಊಹೆಯಿಂದ ಅಲ್ಲೊಂದು ಇಲ್ಲೊಂದು ಸಾಲನ್ನು ಬದಲಾಯಿಸುತ್ತ ಗಂಟೆಗಳನ್ನು ಕಳೆಯುತ್ತಾರೆ. ಅನುಭವಿಗಳು ಮೊದಲು ದೋಷಪುಸ್ತಕವನ್ನು ತೆರೆಯುತ್ತಾರೆ. ಇನ್ನು ಕೆಲವರು ಎಚ್ಚರಿಕೆಯ ಸಂದೇಶ ಕಾಣಿಸಿದೊಡನೆ ಆ ಪದದ ಹಿಂದೆ ‘ಅಟ್’ ಚಿಹ್ನೆಯನ್ನು ಇಟ್ಟು ಯಂತ್ರದ ಬಾಯಿ ಮುಚ್ಚಿಸುತ್ತಾರೆ. ಹುಣ್ಣು ಮಾಯಿತೆಂದು ಬಟ್ಟೆ ಹೊದಿಸಿದಂತೆ ಇದು. ಒಳಗೆ ಕೀವು ಹಾಗೆಯೇ ಉಳಿಯುತ್ತದೆ.

ಮೂರನೆಯದು ಶಿರೋಲೇಖಗಳಿಗೆ ಸಂಬಂಧಿಸಿದ್ದು. ಸರ್ವರ್ ಪುಟವನ್ನು ಕಳುಹಿಸುವಾಗ ಮೊದಲು ಶಿರೋಲೇಖಗಳೂ ಅನಂತರ ಪುಟದ ಒಡಲೂ ಹೋಗಬೇಕೆಂಬುದು ಎಚ್‌ಟಿಟಿಪಿ ಎಂಬ ಒಡಂಬಡಿಕೆಯ ನಿಯಮ. ಬಂದವರನ್ನು ಬೇರೊಂದು ಪುಟಕ್ಕೆ ಕಳುಹಿಸುವ ಆಜ್ಞೆಯೂ, ಅವರ ಗುರುತಿಗಾಗಿ ಇಡುವ ಕುಕಿಯೂ ಶಿರೋಲೇಖದಲ್ಲಿಯೇ ಹೋಗತಕ್ಕವು. ಒಡಲಿನ ಒಂದೇ ಒಂದು ಅಕ್ಷರ ಮುಂಚಿತವಾಗಿ ಹೊರಬಿದ್ದರೂ ‘ಶಿರೋಲೇಖಗಳು ಆಗಲೇ ಹೋಗಿವೆ’ ಎಂಬ ಆಕ್ಷೇಪ ಬರುತ್ತದೆ. ಕಾಗದವನ್ನು ಅಂಚೆಗೆ ಹಾಕಿದ ಮೇಲೆ ವಿಳಾಸ ಬರೆಯಲು ಹೊರಟಂತಾಯಿತು ಇದು. ಆ ಅಕ್ಷರವಾದರೂ ಎಂಥದು? ಕ್ರಮವಿಧಿಯ ಆರಂಭಚಿಹ್ನೆಗೆ ಮೊದಲು ಉಳಿದುಹೋದ ಬರಿಯ ಒಂದು ಖಾಲಿ ಸಾಲು ಸಾಕು. ಕೆಲವು ಲೇಖನ ತಂತ್ರಾಂಶಗಳು ಕಡತದ ತಲೆಯಲ್ಲಿ ತಾವಾಗಿಯೇ ಸೇರಿಸುವ, ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತೂ ಸಾಕು. ಈ ಸಂದೇಶದ ಒಂದು ಗುಣವನ್ನು ವಿದ್ಯಾರ್ಥಿಗಳು ಗಮನಿಸಬೇಕು: ಅದು ಎರಡು ಸ್ಥಳಗಳನ್ನು ಹೇಳುತ್ತದೆ. ಆಜ್ಞೆ ವಿಫಲವಾದ ಸಾಲು ಒಂದು. ಒಡಲು ಹೊರಬೀಳಲು ಆರಂಭಿಸಿದ ಕಡತ ಮತ್ತು ಸಾಲು ಇನ್ನೊಂದು. ತಿದ್ದಬೇಕಾದದ್ದು ಎರಡನೆಯದನ್ನು.

ನಾಲ್ಕನೆಯದು ಸೊನ್ನೆಗೂ ಇಲ್ಲವೆಂಬುದಕ್ಕೂ ಇರುವ ಭೇದವನ್ನು ಮರೆಯುವುದು. ಒಂದು ವಾಕ್ಯದೊಳಗೆ ಒಂದು ಪದ ಎಲ್ಲಿದೆಯೆಂದು ಹುಡುಕಲು ಪಿಎಚ್‌ಪಿಯಲ್ಲಿ ‘ಸ್ಟ್ರ್‌ಪಾಸ್’ ಎಂಬ ಸಾಧನವುಂಟು. ಯಂತ್ರವು ಸ್ಥಾನಗಳನ್ನು ಸೊನ್ನೆಯಿಂದ ಎಣಿಸುವುದರಿಂದ, ‘ಕನ್ನಡ ಶಾಲೆ’ ಎಂಬಲ್ಲಿ ‘ಕನ್ನಡ’ವನ್ನು ಹುಡುಕಿದರೆ ಉತ್ತರ ಸೊನ್ನೆ. ಪದ ಸಿಕ್ಕದಿದ್ದರೆ ಬರುವ ಉತ್ತರ ‘ಅಸತ್ಯ’. ಬರಿಯ ‘ಸಿಕ್ಕಿದೆಯೇ’ ಎಂದು ಪರೀಕ್ಷಿಸುವ ಕ್ರಮವಿಧಿಗೆ ಸೊನ್ನೆಯೂ ಅಸತ್ಯವೂ ಒಂದೇ ಆಗಿ ತೋರುತ್ತವೆ. ಪದವು ವಾಕ್ಯದ ನಡುವೆ ಇದ್ದಾಗ ಸಿಕ್ಕುತ್ತದೆ, ಮೊದಲಲ್ಲಿಯೇ ಇದ್ದಾಗ ಸಿಕ್ಕುವುದಿಲ್ಲ! ಮೌಲ್ಯದೊಡನೆ ಜಾತಿಯನ್ನೂ ಹೋಲಿಸುವ ಮೂರು ಸಮಚಿಹ್ನೆಗಳ ಪರೀಕ್ಷೆಯಿಂದ ಈ ಭ್ರಮೆ ನಿವಾರಣೆಯಾಗುತ್ತದೆ. 2020ರಲ್ಲಿ ಹೊರಬಂದ ಎಂಟನೆಯ ಆವೃತ್ತಿಯಲ್ಲಿ ‘ಇದೆಯೇ ಇಲ್ಲವೇ’ ಎಂದು ಮಾತ್ರ ಹೇಳುವ ಪ್ರತ್ಯೇಕ ಸಾಧನವನ್ನೂ ಕೊಡಲಾಗಿದೆ. ಆ ಆವೃತ್ತಿಗೆ ಮೊದಲು ಎರಡು ಸಮಚಿಹ್ನೆಗಳ ಪರೀಕ್ಷೆಯಲ್ಲಿ ಸೊನ್ನೆ ಎಂಬ ಸಂಖ್ಯೆಯೂ ‘ಹಾಸನ’ ಎಂಬ ಪದವೂ ಸಮವೆಂದೇ ಉತ್ತರ ಬರುತ್ತಿತ್ತು, ಈಗ ಬರುವುದಿಲ್ಲ. ಹಳೆಯ ಕ್ರಮವಿಧಿಯನ್ನು ಹೊಸ ಸರ್ವರ್‌ಗೆ ಸಾಗಿಸುವವರು ಇದನ್ನು ನೆನಪಿನಲ್ಲಿಡಬೇಕು.

ಐದನೆಯದು ಹೆಚ್ಚು ಗಂಭೀರವಾದದ್ದು. ದಕ್ಷಿಣ ಕನ್ನಡದಲ್ಲಿ ಡಿಸೋಜ ಎಂಬ ಮನೆತನದ ಹೆಸರು ಸಾಮಾನ್ಯ. ರೋಮನ್ ಲಿಪಿಯಲ್ಲಿ ಅದನ್ನು ಬರೆಯುವಾಗ ಮೊದಲಕ್ಷರದ ಮುಂದೆ ಒಂಟಿ ಉದ್ಧರಣ ಚಿಹ್ನೆಯಂಥ ಗುರುತನ್ನು ಹಾಕುವ ರೂಢಿಯಿದೆ. ದತ್ತಾಂಶದ ಕೋಷ್ಠಕಕ್ಕೆ ಕಳುಹಿಸುವ ಆಜ್ಞೆಯಲ್ಲಿ ಹೆಸರುಗಳನ್ನು ಸುತ್ತುವರಿಯುವುದೂ ಅದೇ ಚಿಹ್ನೆಯೇ. ಆ ಹೆಸರನ್ನು ಆಜ್ಞೆಯೊಳಗೆ ಹಾಗೆಯೇ ಹೊಲಿದುಬಿಟ್ಟರೆ, ಯಂತ್ರವು ಹೆಸರು ಮೊದಲಕ್ಷರಕ್ಕೇ ಮುಗಿಯಿತೆಂದು ಭಾವಿಸಿ, ಉಳಿದುದನ್ನು ಆಜ್ಞೆಯ ಮಾತೆಂದು ಓದಲು ತೊಡಗಿ ದೋಷವನ್ನು ಸಾರುತ್ತದೆ. ಒಬ್ಬ ನಿರ್ದೋಷಿಯ ಅರ್ಜಿ ತಿರಸ್ಕೃತವಾಯಿತೆಂಬುದು ಇಲ್ಲಿ ತೋರುವ ದೋಷ. ಹುಟ್ಟಿದ ದೋಷ ಇದಕ್ಕಿಂತ ಭಯಂಕರ. ಹೊರಗಿನವರು ಬರೆದ ಮಾತು ಒಳಗಿನ ಆಜ್ಞೆಯಾಗಲು ಅಲ್ಲಿ ಬಾಗಿಲು ತೆರೆದಿದೆ. ದುರುದ್ದೇಶವುಳ್ಳವನು ಹೆಸರಿನ ಸ್ಥಳದಲ್ಲಿ ಆಜ್ಞೆಯನ್ನೇ ಬರೆದು ಕೋಷ್ಠಕವನ್ನು ಓದಬಲ್ಲನು, ಅಳಿಸಲೂ ಬಲ್ಲನು.

ತೋರುವ ದೋಷಕ್ಕೆ ಮಾತ್ರ ಮದ್ದು ಹಾಕಿದರೆ ಏನಾಗುತ್ತದೆಂಬುದಕ್ಕೆ ಪಿಎಚ್‌ಪಿಯ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. ಬಂದ ಮಾತುಗಳಲ್ಲಿರುವ ಪ್ರತಿಯೊಂದು ಉದ್ಧರಣ ಚಿಹ್ನೆಯ ಹಿಂದೆಯೂ ಒಂದು ಓರೆಗೆರೆಯನ್ನು ತಾನಾಗಿಯೇ ಸೇರಿಸುವ ಏರ್ಪಾಟೊಂದು ಹಿಂದೆ ಇದ್ದಿತು. ಅದರಿಂದ ಕೆಲವೆಡೆ ಹೆಸರುಗಳಲ್ಲಿ ಬೇಡದ ಓರೆಗೆರೆಗಳು ಸೇರಿದುವು. ಅಪಾಯವೂ ಸಂಪೂರ್ಣವಾಗಿ ತಪ್ಪಲಿಲ್ಲ. 2012ರ 5.4ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಆಜ್ಞೆಯ ಚೌಕಟ್ಟನ್ನು ಮೊದಲೇ ಕಳುಹಿಸಿ, ಮೌಲ್ಯಗಳನ್ನು ಅನಂತರ ಬೇರೆಯಾಗಿ ಒಪ್ಪಿಸುವ ಪೂರ್ವಸಿದ್ಧ ಆಜ್ಞೆಯ ಕ್ರಮವೇ ನಿಜವಾದ ಪರಿಹಾರ. ಅಲ್ಲಿ ಹೆಸರು ಎಂದೆಂದಿಗೂ ಹೆಸರಾಗಿಯೇ ಉಳಿಯುತ್ತದೆ.

ಕೊನೆಯದು ಕನ್ನಡದವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಯುನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಸ್ಥಾನವಿದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಓದುಗನಿಗೆ ಕಾಣುವ ಅಕ್ಷರಗಳು ಮೂರು. ಕಕಾರ, ನಕಾರ, ವಿರಾಮಚಿಹ್ನೆ, ಮತ್ತೊಂದು ನಕಾರ, ಡಕಾರವೆಂದು ಸಂಕೇತಗಳು ಐದು. ಬೈಟ್‌ಗಳು ಹದಿನೈದು. ಪಿಎಚ್‌ಪಿಯ ಸಾಮಾನ್ಯ ಅಳತೆಗೋಲು ಹದಿನೈದೆಂದೇ ಹೇಳುತ್ತದೆ. ಸಂಕೇತಗಳನ್ನು ಎಣಿಸಲು ಬೇರೆಯ ಅಳತೆಗೋಲನ್ನು ಕೇಳಿ ಪಡೆಯಬೇಕು. ಹೆಸರು ಇಪ್ಪತ್ತಕ್ಷರ ಮೀರಬಾರದೆಂದು ಬೈಟ್‌ಗಳನ್ನೆಣಿಸಿ ಕತ್ತರಿಸುವ ಕ್ರಮವಿಧಿಯು ಏಳನೆಯ ಸಂಕೇತದ ನಡುವೆಯೇ ಕತ್ತಿಯನ್ನಾಡಿಸಿರುತ್ತದೆ.

ಇನ್ನೊಂದು ಬಗೆಯ ವಿಕಾರವುಂಟು. ಕಕಾರದ ಮೂರು ಬೈಟ್‌ಗಳು 224, 178, 149 ಎಂಬ ಸಂಖ್ಯೆಗಳು. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಸಂಕೇತಪಟ್ಟಿಯ ಪ್ರಕಾರ ಇವನ್ನು ಓದಿದರೆ, ತಲೆಯ ಮೇಲೆ ಗೆರೆಯುಳ್ಳ ರೋಮನ್ ‘ಎ’, ಮೇಲೆದ್ದ ಪುಟ್ಟ ಎರಡಂಕಿ, ಒಂದು ಕಪ್ಪು ಬೊಟ್ಟು ಕಾಣಿಸುತ್ತವೆ. ಪುಟದ ತುಂಬ ಇಂಥ ಗುರುತುಗಳು ಚೆಲ್ಲಿದ್ದರೆ ಗಾಬರಿಯಾಗಬೇಕಿಲ್ಲ. ಬರೆಹ ಸಾಮಾನ್ಯವಾಗಿ ಉಳಿದಿರುತ್ತದೆ, ಓದುವ ಪಟ್ಟಿ ಮಾತ್ರ ತಪ್ಪಾಗಿರುತ್ತದೆ. ಆದರೆ ಹೆಸರಿನ ಸ್ಥಳದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಸಂಗತಿ ಬೇರೆ. ಕನ್ನಡಕ್ಕೆ ಎಡೆಯಿಲ್ಲದ ಸಂಕೇತಪಟ್ಟಿಯುಳ್ಳ ಕೋಷ್ಠಕದಲ್ಲಿ ಅಕ್ಷರಗಳನ್ನು ಇಡಲು ಹೋದಾಗ, ಯಂತ್ರವು ಒಂದೊಂದಕ್ಕೂ ಬದಲಾಗಿ ಒಂದೊಂದು ಪ್ರಶ್ನಾರ್ಥಕವನ್ನು ಇಟ್ಟಿರುತ್ತದೆ. ಹಾಗಾಗಿದ್ದರೆ ಮೂಲಾಕ್ಷರ ಆ ಕೋಷ್ಠಕದಲ್ಲಿ ಎಲ್ಲಿಯೂ ಉಳಿದಿಲ್ಲ; ಯಾವ ಪಂಡಿತನೂ ಅದನ್ನು ಅಲ್ಲಿಂದ ಓದಲಾರನು.

ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ 2018ರ ಎಂಟನೆಯ ಆವೃತ್ತಿಯವರೆಗೂ, ಬೇರೆ ಹೇಳದಿದ್ದರೆ, ಲ್ಯಾಟಿನ್ ಪಟ್ಟಿಯೇ ರೂಢಿಯಲ್ಲಿದ್ದಿತು. ಅಂದು ನಿರ್ಮಿಸಿದ ಕೋಷ್ಠಕಗಳು ಇಂದೂ ಅಲ್ಲಲ್ಲಿ ಕೆಲಸ ಮಾಡುತ್ತಿರಬಹುದು. ಆ ವ್ಯವಸ್ಥೆಯಲ್ಲಿ ಕಟ್ಟುನಿಟ್ಟಿನ ಕ್ರಮವನ್ನು ಜಾರಿಯಲ್ಲಿಟ್ಟಿದ್ದರೆ, ಇಡಲಾಗದ ಅಕ್ಷರ ಬಂದೊಡನೆ ಯಂತ್ರವು ದೋಷವೆಂದು ಕೂಗಿ ಕೆಲಸವನ್ನು ನಿಲ್ಲಿಸುತ್ತದೆ. ಅರ್ಜಿ ಹಾಕಿದವನು ಮತ್ತೊಮ್ಮೆ ಬರಬೇಕಾಗುತ್ತದೆ, ಅಷ್ಟೆ. ಕೂಗು ಕಿರಿಕಿರಿಯೆಂದು ಆ ಕ್ರಮವನ್ನು ಸಡಿಲಿಸಿದ್ದರೆ ಎಲ್ಲವೂ ಸುಗಮವಾಗಿ ಸಾಗಿದಂತೆ ತೋರುತ್ತದೆ. ವರ್ಷದ ಕೊನೆಯಲ್ಲಿ ಪಟ್ಟಿಯನ್ನು ತೆಗೆದು ನೋಡಿದಾಗ ನೂರಾರು ಮಕ್ಕಳ ಹೆಸರುಗಳಿರಬೇಕಾದಲ್ಲಿ ನೂರಾರು ಪ್ರಶ್ನೆಗಳಿರುತ್ತವೆ. ಕೂಗುವ ದೋಷ ಉಪಕಾರಿ, ಮೌನವಾದ ದೋಷವೇ ಅಪಕಾರಿ ಎಂಬ ಮಾತು ಇಲ್ಲಿ ಸಂಪೂರ್ಣವಾಗಿ ಸಾರ್ಥಕವಾಗುತ್ತದೆ. ಕಡತ, ಪುಟ, ಸರ್ವರಿನಿಂದ ಕೋಷ್ಠಕಕ್ಕಿರುವ ಸಂಪರ್ಕ, ಕೋಷ್ಠಕ ಈ ನಾಲ್ಕೂ ಒಂದೇ ಸಂಕೇತಪಟ್ಟಿಯನ್ನು ಒಪ್ಪಿರಬೇಕು. ಸರಪಳಿಯ ಒಂದು ಕೊಂಡಿ ಬೇರೆಯಾದರೂ ಅಕ್ಷರ ಕೆಡುತ್ತದೆ.

ಈ ಎಲ್ಲ ಪ್ರಸಂಗಗಳಿಗೂ ಅನ್ವಯಿಸುವ ಕೆಲವು ನಿಯಮಗಳನ್ನು ವಿದ್ಯಾರ್ಥಿಗಳು ಮನದಟ್ಟು ಮಾಡಿಕೊಳ್ಳುವುದೊಳ್ಳೆಯದು. ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ, ಪದ ಬಿಡದೆ ಓದಬೇಕು. ಸಂದೇಶಗಳು ಹಲವಿದ್ದರೆ ಮೊದಲನೆಯದನ್ನು ಮೊದಲು ವಿಚಾರಿಸಬೇಕು. ಉಳಿದವು ಅದರ ಸಂತಾನವಾಗಿರುವ ಸಂಭವ ಹೆಚ್ಚು. ದೋಷವನ್ನು ತನ್ನ ಇಚ್ಛೆಯಂತೆ ಮತ್ತೊಮ್ಮೆ ಉಂಟುಮಾಡಲು ಬಾರದವನು ಅದನ್ನು ಪರಿಹರಿಸಿದೆನೆಂದು ಹೇಳಲಾರನು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ನೋಡಬೇಕು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ಯಾವುದು ಔಷಧವಾಯಿತೆಂದು ತಿಳಿಯದು. ತಿದ್ದಿದ ಬಳಿಕ ಕಾರಣವನ್ನೂ ಪರಿಹಾರವನ್ನೂ ಎರಡು ಸಾಲಿನಲ್ಲಿ ಬರೆದಿಡಬೇಕು.

ಕ್ರಮವಿಧಿಯನ್ನು ಬರೆಯುವವನು ತಾನು ಯಂತ್ರದೊಡನೆ ಮಾತ್ರ ವ್ಯವಹರಿಸುತ್ತಿರುವೆನೆಂದು ಭಾವಿಸಬಾರದು. ಅವನ ಕೋಷ್ಠಕದ ಪ್ರತಿಯೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆ. ತಂದೆತಾಯಿಗಳು ಇಟ್ಟ ಹೆಸರು ತಾನು ಬರೆದಂತೆಯೇ ಉಳಿಯುವುದೆಂದು ಅವನು ನಂಬಿದ್ದಾನೆ. ಆ ನಂಬಿಕೆಗೆ ಊನ ಬಾರದಂತೆ ದೋಷದ ಬೇರನ್ನು ಹುಡುಕಿ ತೆಗೆಯುವ ತಾಳ್ಮೆಯೇ ಈ ವಿದ್ಯೆಯ ಮೊದಲ ಪಾಠವೂ ಕಡೆಯ ಪಾಠವೂ ಆಗಿದೆ.