‘ಬರ್’: ಎರಡು ಅಕ್ಷರ, ಹಲವು ಅರ್ಥ

ಕೀರ್ತನೆ 2:12ರ ಹೀಬ್ರೂ ಮೂಲದಲ್ಲಿ, ಮುದ್ದಿಡುವುದನ್ನು ಸೂಚಿಸುವ ಕ್ರಿಯಾಪದದ ಬಳಿಕ ‘ಬರ್’ ಎಂಬ ಕಿರುಪದವಿದೆ. ಬೇತ್, ರೇಶ್ ಎಂಬ ಎರಡೇ ವ್ಯಂಜನಗಳಿಂದಾದ ಈ ಪದದ ಸ್ಥಾನದಲ್ಲಿ ಒಂದು ಅನುವಾದವು ‘ಮಗ’ ಎಂದರೆ ಇನ್ನೊಂದು ‘ಶುದ್ಧವಾಗಿ’ ಎನ್ನುತ್ತದೆ, ಮತ್ತೊಂದು ‘ಪಾದ’ ಎನ್ನುತ್ತದೆ. ಈ ಭೇದದಿಂದ ಸಭೆಯ ಓದುಗರು ಕಳವಳಗೊಳ್ಳುವುದು ಸಹಜ. ಆದುದರಿಂದ ಇದರ ಕಾರಣವನ್ನು ನಾವು ಪರಿಶೀಲಿಸೋಣ.

ಅರಾಮಿಕ್ ಭಾಷೆಯಲ್ಲಿ ‘ಬರ್’ ಎಂದರೆ ಮಗ. ದಾನಿಯೇಲ 7:13ರ ‘ಮನುಷ್ಯಕುಮಾರ’ ಎಂಬ ನುಡಿಯಲ್ಲಿರುವುದು ಇದೇ ಪದ. ಬಾರ್ತಿಮಾಯ, ಬಾರ್ನಬ ಎಂಬ ಹೆಸರುಗಳ ಆರಂಭದಲ್ಲಿಯೂ ಇದೇ ಇದೆ. ಮಾರ್ಕನು 10:46ರಲ್ಲಿ ಬಾರ್ತಿಮಾಯನನ್ನು ತಿಮಾಯನ ಮಗನೆಂದು ಬಿಡಿಸಿ ಹೇಳುತ್ತಾನೆ. ಹೀಬ್ರೂವಿನಲ್ಲಾದರೋ ಮಗನಿಗೆ ಸಾಮಾನ್ಯ ಪದ ‘ಬೇನ್’. ಅಲ್ಲಿ ‘ಬರ್’ ಎಂಬುದು ಕೀರ್ತನೆ 24:4ರಲ್ಲಿ ಹೃದಯದ ಶುದ್ಧತೆಯನ್ನು, ಆದಿಕಾಂಡ 41:49ರಲ್ಲಿ ಧಾನ್ಯವನ್ನು ಸೂಚಿಸುತ್ತದೆ. ಯೋಸೇಫನು ಐಗುಪ್ತದಲ್ಲಿ ಕೂಡಿಸಿಟ್ಟದ್ದು ಈ ‘ಬರ್’. ಕೂಡಿಸಿದ್ದು ಕನ್ನಡಿಗರಾದ ನಾವು ‘ಬರ’ ಎನ್ನುವ ಕ್ಷಾಮವನ್ನು ಎದುರಿಸುವುದಕ್ಕಾಗಿ! ಕಿವಿಗೆ ಇಷ್ಟು ಸಮೀಪವಾದರೂ ಈ ಎರಡು ಪದಗಳಿಗೆ ಯಾವ ಸಂಬಂಧವೂ ಇಲ್ಲ. ಧ್ವನಿಸಾಮ್ಯದ ಮೇಲೆ ಪ್ರಸಂಗ ಕಟ್ಟುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಈಗ ಕೀರ್ತನೆಗೆ ಮರಳೋಣ. ಸ್ವತಃ ಅರಾಮಿಕ್ ಪ್ರಭೇದವಾದ ಸಿರಿಯಾಕ್‌ನ ಪೆಶಿತ್ತಾ ಅನುವಾದವು ‘ಮಗ’ ಎಂದು ಓದಿತು; 1611ರ ಇಂಗ್ಲಿಷ್ ಅನುವಾದವೂ ಹಾಗೆಯೇ. ಜೆರೋಮನು ಹೀಬ್ರೂವಿನಿಂದ ಲ್ಯಾಟಿನಿಗೆ ಅನುವಾದಿಸುವಾಗ ಶುದ್ಧವಾದ ಆರಾಧನೆ ಎಂಬ ಅರ್ಥವನ್ನು ಹಿಡಿದನು. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಶಿಕ್ಷಣವನ್ನು ಹಿಡಿದುಕೊಳ್ಳಬೇಕೆಂಬ ಮಾತಿದೆ. ಕೆಲವು ವಿದ್ವಾಂಸರು 11 ಮತ್ತು 12ನೆಯ ವಚನಗಳ ಅಕ್ಷರಗಳನ್ನು ಮರುಜೋಡಿಸಿ ‘ಪಾದ’ ಎಂಬ ಪಾಠವನ್ನು ಸೂಚಿಸಿದರು. 1952ರ ಪರಿಷ್ಕೃತ ಇಂಗ್ಲಿಷ್ ಅನುವಾದವು ಅದನ್ನು ಅಂಗೀಕರಿಸಿತು.

‘ಮಗ’ ಎಂಬ ಅರ್ಥಕ್ಕೆ ಆಧಾರವಿಲ್ಲದೆ ಇಲ್ಲ. ಹೀಬ್ರೂ ಗ್ರಂಥವಾದ ಜ್ಞಾನೋಕ್ತಿಗಳ 31:2ರಲ್ಲಿ ತಾಯಿಯೊಬ್ಬಳು ತನ್ನ ಮಗನನ್ನು ಮೂರು ಬಾರಿ ‘ಬರ್’ ಎಂದೇ ಕರೆಯುತ್ತಾಳೆ. ಮೇಲಾಗಿ ಈ ಕೀರ್ತನೆಯ ಎಚ್ಚರಿಕೆಯು ಅನ್ಯಜನಾಂಗಗಳ ಅರಸರಿಗೆ ಉದ್ದೇಶಿತವಾದುದರಿಂದ ಪರಭಾಷೆಯ ಪದವು ಬಂದಿರಬಹುದೆಂದು ಹಲವರು ವಾದಿಸುತ್ತಾರೆ. ಆದರೆ ಇದೇ ಕೀರ್ತನೆಯ 7ನೆಯ ವಚನವು ಮಗನಿಗೆ ‘ಬೇನ್’ ಎಂದೇ ಹೇಳಿರುವಾಗ, ಐದೇ ವಚನಗಳ ಬಳಿಕ ಪದವೇಕೆ ಬದಲಾಯಿತೆಂಬ ಪ್ರಶ್ನೆ ಉಳಿಯುತ್ತದೆ.

ಹಾಗಾದರೆ ನಮ್ಮ ವಿಶ್ವಾಸವು ಈ ಎರಡಕ್ಷರಗಳ ಮೇಲೆ ತೂಗಾಡುತ್ತಿದೆಯೇ? ಇಲ್ಲ. ಕ್ರಿಸ್ತನ ಪುತ್ರತ್ವವನ್ನು ಸಾರುವಾಗ ಅಪೊಸ್ತಲರ ಕೃತ್ಯಗಳು 13:33 ಮತ್ತು ಇಬ್ರಿಯರಿಗೆ 1:5 ಉದ್ಧರಿಸುವುದು ನಿಸ್ಸಂದಿಗ್ಧವಾದ 7ನೆಯ ವಚನವನ್ನೇ ಹೊರತು 12ನೆಯದನ್ನಲ್ಲ. ಆದುದರಿಂದ ಬೋಧಕರು ಅನುವಾದಭೇದವನ್ನು ಸಭೆಯಿಂದ ಮರೆಮಾಡಬೇಕಾಗಿಲ್ಲ. ಪದದ ಅರ್ಥವನ್ನು ಅದರ ಧ್ವನಿಯಲ್ಲಿ ಅಲ್ಲ, ಅದು ನಿಂತಿರುವ ಭಾಷೆಯಲ್ಲಿಯೂ ವಾಕ್ಯದಲ್ಲಿಯೂ ಹುಡುಕಲು ಕಲಿಸಿದರೆ, ಈ ಕಠಿಣ ವಚನವೇ ಸಭೆಗೆ ಒಳ್ಳೆಯ ಪಾಠವಾಗುವುದು.