ತಲೆ ಎಣಿಸಿದವರಿಗೆ ಸಿಕ್ಕ ಸೂರು

ಕಸ ತೆಗೆಸಿಕೊಡಿ ಎಂದು ಪಾಲಿಕೆಗೆ ಅರ್ಜಿ ಬರೆದು ಬರೆದು ಸಾಕಾದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಮುಂಬಯಿಯ ಟ್ರಾಂಬೆ ಬಳಿಯ ಜನತಾ ಕಾಲೊನಿಯಲ್ಲಿ 1960ರ ದಶಕದಲ್ಲಿ ಒಬ್ಬ ಯುವಕ ಅರ್ಜಿ ಬರೆಯುವ ಗೋಜಿಗೇ ಹೋಗಲಿಲ್ಲ. ಕೇರಿಯ ಮಕ್ಕಳನ್ನು ಕಲೆಹಾಕಿ, ಪ್ರತಿಯೊಬ್ಬರ ಕೈಗೂ ಒಂದೊಂದು ಕಸದ ಪೊಟ್ಟಣ ಕೊಟ್ಟು, ಮೆರವಣಿಗೆಯಲ್ಲಿ ಕರೆದೊಯ್ದು ಪಾಲಿಕೆ ಕಚೇರಿಯ ಮುಂದೆ ಹಾಕಿಸಿದ. ಕಸ ಒಯ್ಯುವುದು ಯಾರ ಕೆಲಸ ಎಂಬ ಪ್ರಶ್ನೆ ಅಂದು ಅಧಿಕಾರಿಗಳ ಬಾಗಿಲಲ್ಲೇ ರಾಶಿಯಾಗಿ ಬಿದ್ದಿತ್ತು.

ಆ ಯುವಕನ ಹೆಸರು ಜೋಕಿನ್ ಅರ್ಪುತಂ. ಹುಟ್ಟಿದ್ದು 1947ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ. ತಮಿಳು ಮನೆಮಾತಿನ ಕುಟುಂಬದಲ್ಲಿ. ದೊಡ್ಡ ಓದಿಲ್ಲ, ಕೈಯಲ್ಲಿ ಬಡಗಿ ಕೆಲಸವಿತ್ತು. ಹದಿಹರೆಯದಲ್ಲೇ ಕೆಲಸ ಹುಡುಕಿ ಮುಂಬಯಿ ಸೇರಿದ ಈತ ವರ್ಷಗಟ್ಟಲೆ ಬಯಲಲ್ಲೇ ಮಲಗಿದ್ದುಂಟು. ಮುಂದೆ ಇದೇ ವ್ಯಕ್ತಿ ಭಾರತದ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಪಡೆದರು. 2018ರ ಅಕ್ಟೋಬರ್ 13ರಂದು ಮುಂಬಯಿಯಲ್ಲಿ ತೀರಿಕೊಂಡರು. ಕನ್ನಡ ನಾಡಿನಲ್ಲಿ ಹುಟ್ಟಿದವರಾದರೂ ಇಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಬಡವರಿಗೆ ಮನೆ ಕಟ್ಟಿಸಿಕೊಡುವ ಸಂಸ್ಥೆಗಳು ದೇಶದಲ್ಲಿ ಬೇಕಾದಷ್ಟಿವೆ. ಬಡವರೇ ಮುಂದೆ ನಿಂತು ನಡೆಸುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಎರಡನೆಯದು ಏಕೆ ಕಷ್ಟ ಎಂಬುದನ್ನು ಅರಿಯಲು ಮುಂಬಯಿಯ ಕಥೆಯನ್ನೇ ನೋಡಬೇಕು.

ಜನತಾ ಕಾಲೊನಿಯಲ್ಲಿದ್ದವರು ತಾವಾಗಿ ಬಂದು ಜಾಗ ಹಿಡಿದವರಲ್ಲ. ನಗರದ ಬೇರೆ ಬೇರೆ ಕಡೆಯಿಂದ ಎಬ್ಬಿಸಿದವರನ್ನು ಪಾಲಿಕೆಯೇ ಅಲ್ಲಿ ತಂದು ಕೂರಿಸಿತ್ತು. ಆಮೇಲೆ ಆ ಜಾಗ ಪಕ್ಕದ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಬೇಕಾಯಿತು. ನ್ಯಾಯಾಲಯ, ಧರಣಿ, ದೆಹಲಿ ಯಾತ್ರೆ ಎಲ್ಲವೂ ಆದವು. ಸಂಸತ್ತಿನ ಮುಂದೆ ಕುಳಿತು ಪ್ರಧಾನಿಯ ಗಮನ ಸೆಳೆಯುವ ಮಟ್ಟಕ್ಕೂ ಜೋಕಿನ್ ಹೋದರು. ಕೊನೆಗೂ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸುಮಾರು 70 ಸಾವಿರ ಜನರ ಆ ಕೇರಿ ನೆಲಸಮವಾಯಿತು. ಜನರನ್ನು ಚೀತಾ ಕ್ಯಾಂಪ್ ಎಂಬಲ್ಲಿಗೆ ಸಾಗಿಸಲಾಯಿತು.

ಇಷ್ಟೆಲ್ಲ ಹೋರಾಡಿಯೂ ಮನೆ ಉಳಿಯಲಿಲ್ಲ. ಆ ಸೋಲಿನಿಂದ ಜೋಕಿನ್ ಕಲಿತ ಪಾಠವೇ ಮುಂದಿನ ಕೆಲಸಕ್ಕೆ ದಾರಿಯಾಯಿತು ಎನ್ನಬಹುದು. ಬೇಡ ಎನ್ನುವುದಕ್ಕಷ್ಟೇ ಜನರನ್ನು ಕೂಡಿಸಿದರೆ ಬುಲ್ಡೋಜರ್ ಬರುವುದು ತುಸು ತಡವಾಗುತ್ತದೆ, ಅಷ್ಟೆ. ಏನು ಬೇಕು, ಎಷ್ಟು ಮಂದಿಗೆ ಬೇಕು, ಯಾವ ಜಾಗದಲ್ಲಿ ಬೇಕು ಎಂಬ ಲೆಕ್ಕ ಜನರ ಕೈಯಲ್ಲೇ ಇದ್ದರೆ ಮಾತುಕತೆಯ ಮೇಜಿನಲ್ಲಿ ಕೂರಬಹುದು.

ಈ ಲೆಕ್ಕ ಶುರುವಾದದ್ದು ಫುಟ್‌ಪಾತಿನ ಮೇಲೆ. 1981ರಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ತೆರವು ಮಾಡಲು ಹೊರಟಾಗ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1985ರ ಜುಲೈನಲ್ಲಿ ತೀರ್ಪು ಬಂತು. ಓಲ್ಗಾ ಟೆಲಿಸ್ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಹೇಳಿತು. ಆದರೆ ನೋಟಿಸು ಕೊಟ್ಟು ಗುಡಿಸಲು ಎಬ್ಬಿಸಬಹುದು ಎಂದೂ ಹೇಳಿತು; ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಮುಟ್ಟಬೇಡಿ ಎಂಬುದಷ್ಟೇ ತತ್ಕಾಲದ ಆಸರೆ. ತತ್ವದಲ್ಲಿ ಗೆಲುವು, ತಲೆಯ ಮೇಲಿನ ತಗಡಿನ ಮಟ್ಟಿಗೆ ಸೋಲು.

ಶೀಲಾ ಪಟೇಲ್ ಮತ್ತು ಜೊತೆಗಾರರು ಅದರ ಹಿಂದಿನ ವರ್ಷವಷ್ಟೇ ಸ್ಪಾರ್ಕ್ ಎಂಬ ಸಂಸ್ಥೆ ಆರಂಭಿಸಿದ್ದರು. ಬೈಕುಲ್ಲಾ ಸುತ್ತಲಿನ ಫುಟ್‌ಪಾತ್ ಮಹಿಳೆಯರು ಅವರಿಗೆ ಪರಿಚಿತರು. ಅಕ್ಟೋಬರ್ ಗಡುವು ಹತ್ತಿರವಾಗುತ್ತಿದ್ದಂತೆ ಅವರು ಮಾಡಿದ ಕೆಲಸ ತಲೆ ಎಣಿಕೆ. ಸುಮಾರು 6 ಸಾವಿರ ಕುಟುಂಬಗಳ 27 ಸಾವಿರ ಜನರ ವಿವರ ಪುಸ್ತಕವಾಗಿ ಬಂತು. ಊರಿಗೆ ನಿನ್ನೆ ಮೊನ್ನೆ ಬಂದ ಅಲೆಮಾರಿಗಳು ಎಂದು ಯಾರನ್ನು ನಗರ ತಿಳಿದಿತ್ತೋ ಅವರಲ್ಲಿ ಎಷ್ಟೋ ಮಂದಿ ಅಲ್ಲೇ ಹತ್ತಾರು ವರ್ಷ ಕಳೆದಿದ್ದರು. ಕೂಲಿಯ ಜಾಗಕ್ಕೆ ನಡೆದೇ ಹೋಗುತ್ತಿದ್ದರು. ಬಸ್ಸಿಗೆ ಕೊಡಲು ಕಾಸಿಲ್ಲದವರಿಗೆ ದೂರದ ಮನೆಯಿಂದ ಏನು ಪ್ರಯೋಜನ?

ಗಡುವು ಮುಗಿದರೂ ಭಯಪಟ್ಟಷ್ಟು ದೊಡ್ಡ ತೆರವು ನಡೆಯಲಿಲ್ಲ. ಆ ಮಹಿಳೆಯರು ಮರುವರ್ಷ ಮಹಿಳಾ ಮಿಲನ್ ಎಂಬ ಸಂಘ ಕಟ್ಟಿಕೊಂಡರು. ಜೋಕಿನ್ ಅವರ ಒಕ್ಕೂಟ, ಸ್ಪಾರ್ಕ್, ಮಹಿಳಾ ಮಿಲನ್ ಮೂರೂ ಕೈಜೋಡಿಸಿದ್ದು ಆಗಲೇ. ಒಕ್ಕೂಟದಲ್ಲಿ ಅಲ್ಲಿಯವರೆಗೆ ಗಂಡಸರದೇ ಕಾರುಬಾರು. ಭಾಷಣ, ಧರಣಿ, ಜೈಲು ಅವರಿಗೆ ಒಗ್ಗಿತ್ತು. ದಿನವೂ ಮನೆಮನೆ ಸುತ್ತಿ ಎರಡು ರೂಪಾಯಿ ಸಂಗ್ರಹಿಸುವ ತಾಳ್ಮೆ ಇದ್ದದ್ದು ಹೆಂಗಸರಲ್ಲಿ. ನಾಯಕತ್ವದಲ್ಲಿ ಅವರಿಗೆ ಸಮಪಾಲು ಸಿಗಬೇಕೆಂದು ಜೋಕಿನ್ ಪಟ್ಟು ಹಿಡಿದರು.

ಆ ಉಳಿತಾಯದ ಬಗೆ ಸ್ವಾರಸ್ಯವಾಗಿದೆ. ಓದು ಬಾರದ ಮಹಿಳೆಯರು ಪ್ರತಿ ಮನೆಗೊಂದು ಪ್ಲಾಸ್ಟಿಕ್ ಚೀಲ ಇಟ್ಟು, ಒಂದೊಂದು ಮೊತ್ತಕ್ಕೆ ಒಂದೊಂದು ಬಣ್ಣದ ಕಾಗದದ ಚೂರು ಹಾಕಿ ಲೆಕ್ಕವಿಟ್ಟರು. ಅಕ್ಕಿಗೆ, ಆಸ್ಪತ್ರೆಗೆ, ಊರಿಗೆ ಹೋಗುವ ರೈಲಿನ ಟಿಕೆಟ್ಟಿಗೆ ಅದರಿಂದಲೇ ಸಾಲ. ಮನೆಗಾಗಿ ಬೇರೆಯದೇ ಉಳಿತಾಯ. ದುಡ್ಡಿನ ಮೊತ್ತ ಅಷ್ಟು ಮುಖ್ಯವಾಗಿರಲಿಲ್ಲ. ದಿನವೂ ಬಾಗಿಲಿಗೆ ಬರುವವಳಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಗಂಡ ಕೆಲಸ ಬಿಟ್ಟ, ಯಾರಿಗೆ ಪೊಲೀಸರ ಕಾಟ ಎಲ್ಲವೂ ಗೊತ್ತಿರುತ್ತಿತ್ತು. ಕಚೇರಿಯಲ್ಲಿ ಕುಳಿತ ಯಾವ ವ್ಯವಸ್ಥಾಪಕನಿಗೂ ಸಿಗದ ಮಾಹಿತಿ ಇದು.

ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಇವರು ಅಕ್ಷರಶಃ ಪಾಲಿಸಿದರು. ಜಾಗ ಸಿಗುವ ಮೊದಲೇ ಮರ ಮತ್ತು ಬಟ್ಟೆಯಲ್ಲಿ ನಿಜವಾದ ಅಳತೆಯ ಮನೆ ನಿಲ್ಲಿಸಿ ಒಳಗೆ ಓಡಾಡಿ ನೋಡಿದರು. 14 ಅಡಿ ಎತ್ತರದ ಒಂದೇ ಕೋಣೆ, ಅರ್ಧಕ್ಕೆ ಅಟ್ಟ. ಮಕ್ಕಳು ಮೇಲೆ ಮಲಗಬಹುದು, ಕೆಳಗೆ ಅಡುಗೆ ಮತ್ತು ದುಡಿಮೆ. ಮುಂಬಯಿಯಲ್ಲಿ ಜಾಗವೇ ಇಲ್ಲ ಎಂದು ಅಧಿಕಾರಿಗಳು ಹೇಳಿದಾಗ, ನಗರದ ಯೋಜನಾ ನಕ್ಷೆಯಲ್ಲಿ ವಸತಿಗೆಂದು ಗುರುತಾಗಿ ಖಾಲಿ ಬಿದ್ದಿದ್ದ ಜಾಗಗಳನ್ನು ಹುಡುಕಿಕೊಂಡು ಈ ಹೆಂಗಸರು ತಾವೇ ಊರು ಸುತ್ತಿದರು. 2001ರ ಜೂನ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದೊಳಗೆ ಇಂಥದೇ ಮನೆ ಮತ್ತು ಸಾರ್ವಜನಿಕ ಶೌಚಾಲಯದ ಮಾದರಿಗಳು ಎದ್ದು ನಿಂತವು. ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಬಂದು ನೋಡಿದರು. ಗಣ್ಯರಿಗೆ ಸಭಾಂಗಣದಲ್ಲಿ ಶೌಚಾಲಯ ತೋರಿಸುವ ಈ ಬುದ್ಧಿ ಕಸದ ಪೊಟ್ಟಣದ ಬುದ್ಧಿಯ ಮುಂದುವರಿಕೆಯೇ ಸರಿ. ಅಷ್ಟರಲ್ಲಿ ಇವರ ನಂಟು ದಕ್ಷಿಣ ಆಫ್ರಿಕಾವರೆಗೂ ಚಾಚಿತ್ತು. ಹಲವು ದೇಶಗಳ ಕೊಳೆಗೇರಿ ಸಂಘಗಳ ಜಾಲ 1996ರಲ್ಲೇ ರೂಪುಗೊಂಡಿತ್ತು.

ನಿಜವಾದ ಪರೀಕ್ಷೆ ಎದುರಾದದ್ದು ಸರ್ಕಾರ ಇವರ ಮಾತಿಗೆ ಒಪ್ಪಿದಾಗ. ಮುಂಬಯಿಯ ಲೋಕಲ್ ರೈಲು ಮಾರ್ಗಗಳ ಪಕ್ಕದಲ್ಲಿ, ಹಳಿಯಿಂದ ಕೈಚಾಚುವಷ್ಟು ದೂರದಲ್ಲಿ, ಸಾವಿರಾರು ಜೋಪಡಿಗಳಿದ್ದವು. ರೈಲು ವೇಗವಾಗಿ ಓಡಬೇಕೆಂದರೆ ಅವರು ಏಳಬೇಕು. ವಿಶ್ವಬ್ಯಾಂಕ್ ಸಾಲದ ನಗರ ಸಾರಿಗೆ ಯೋಜನೆಯಲ್ಲಿ ಈ ಕುಟುಂಬಗಳನ್ನು ಎಣಿಸುವ, ಒಪ್ಪಿಸುವ, ಸಾಗಿಸುವ ಹೊಣೆ ಈ ಸಂಘಟನೆಗಳಿಗೆ ಬಂತು. ಜನ ತಾವೇ ಗುಡಿಸಲು ಬಿಚ್ಚಿ, ಸಾಮಾನು ಹೊತ್ತು, ನೆರೆಹೊರೆ ಒಡೆಯದಂತೆ ಗುಂಪುಗುಂಪಾಗಿ ಹೊಸ ಜಾಗಕ್ಕೆ ಹೋದರು. ಲಾಠಿಯಿಲ್ಲದೆ ಇಷ್ಟು ಜನ ಸ್ಥಳಾಂತರಗೊಂಡದ್ದು ಮುಂಬಯಿಗೆ ಹೊಸತು.

ರಸ್ತೆ ವಿಸ್ತರಣೆಯ ಪಾಳಿ ಬಂದಾಗ ಲೆಕ್ಕ ತಪ್ಪಿತು. ಅಲ್ಲಿ ಏಳಬೇಕಾದವರಲ್ಲಿ ಅಂಗಡಿ, ಕಾರ್ಖಾನೆ ಇಟ್ಟವರೂ ಇದ್ದರು. ಅವರ ನಷ್ಟ ಬೇರೆ, ಬೇಡಿಕೆ ಬೇರೆ. ಸಮೀಕ್ಷೆ ಸರಿಯಿಲ್ಲ, ದೂರು ಕೇಳುವವರಿಲ್ಲ ಎಂದು ಅವರು 2004ರಲ್ಲಿ ವಿಶ್ವಬ್ಯಾಂಕಿನ ತನಿಖಾ ಮಂಡಳಿಗೆ ದೂರಿತ್ತರು. ಅವರ ದೂರಿನಲ್ಲಿ ಹುರುಳಿದೆ ಎಂದು ಮಂಡಳಿ ಕಂಡುಕೊಂಡಿತು. ಇಷ್ಟು ದೊಡ್ಡ ಹೊರೆ ಹೊರುವ ಶಕ್ತಿ ಸಂಘಟನೆಗಳಿಗೆ ಇರಲಿಲ್ಲ ಎಂಬುದೂ ಚರ್ಚೆಗೆ ಬಂತು. 2006ರ ಮಾರ್ಚ್‌ನಲ್ಲಿ ಬ್ಯಾಂಕ್ ರಸ್ತೆ ಮತ್ತು ಪುನರ್ವಸತಿಯ ಹಣವನ್ನೇ ಕೆಲಕಾಲ ತಡೆಹಿಡಿಯಿತು.

ತಪ್ಪು ಯಾರದು? ಸರ್ಕಾರ ತನ್ನ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿತು ಎಂಬುದು ನಿಜ. ಆದರೆ ಪಟ್ಟಿ ಬರೆಯುವ ಕೈ ಸಂಘಟನೆಯದೇ ಆದಾಗ, ಪಟ್ಟಿಯಲ್ಲಿ ಹೆಸರಿಲ್ಲದವನ ಸಿಟ್ಟು ತಿರುಗುವುದೂ ಸಂಘಟನೆಯ ಮೇಲೆಯೇ. ಒಂದು ಕಾಲಕ್ಕೆ ಎಣಿಕೆ ಬಡವರಿಗೆ ಗುರಾಣಿಯಾಗಿತ್ತು. ಯಾರು ಅರ್ಹರು, ಯಾರು ಅಲ್ಲ ಎಂದು ವಿಂಗಡಿಸುವ ಜರಡಿಯೂ ಈಗ ಅದೇ. ಸಂಘಟನೆ ಸರ್ಕಾರದ ಪಾಲುದಾರನಾದರೆ ಕೇರಿಯವರ ಪರವಾಗಿ ದೂರುವವರು ಯಾರು ಎಂದು ಟೀಕಾಕಾರರು ಕೇಳಿದರು. ಹೊರಗೆ ನಿಂತು ಕೂಗಿದರೆ ಎಷ್ಟು ಮನೆ ಸಿಗುತ್ತದೆ ಎಂಬುದು ಜೋಕಿನ್ ಬಳಗದ ನಿಲುವಾಗಿತ್ತು. ಎರಡರಲ್ಲಿ ಯಾವುದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಬೈಕುಲ್ಲಾದ ಮಹಿಳೆಯರಲ್ಲಿ ಹಲವರಿಗೆ ಮಾನ್‌ಖುರ್ದ್‌ನ ಮಿಲನ್ ನಗರದಲ್ಲಿ ಮನೆ ಸಿಕ್ಕಿತು. ಉಳಿತಾಯ ಶುರುಮಾಡಿ ಸುಮಾರು ಎರಡು ದಶಕ ಕಳೆದಿತ್ತು. ತಾಯಂದಿರ ಸೊಂಟದ ಮೇಲಿದ್ದ ಮಕ್ಕಳು ಆಗಲೇ ದುಡಿಯುವ ವಯಸ್ಸಿಗೆ ಬಂದಿದ್ದರು.

ಆ 14 ಅಡಿಯ ಕೋಣೆ ಏನಾಯಿತು? ಧಾರಾವಿಯಲ್ಲಿ ಈ ಸಂಘಟನೆಗಳೇ ಕಟ್ಟಿಸಿದ ಕೆಲವು ಕಟ್ಟಡಗಳಲ್ಲಿ ಅಟ್ಟದ ಮನೆ ನಿಜವಾಯಿತು. ಸಾವಿರಾರು ಕುಟುಂಬಗಳನ್ನು ಸಾಗಿಸಿದ ದೊಡ್ಡ ಪುನರ್ವಸತಿ ಬಡಾವಣೆಗಳಲ್ಲಿ ಮಾತ್ರ ನಿಯಮದ 225 ಚದರಡಿಯ ಮನೆಗಳು. ಕಟ್ಟಡಗಳ ನಡುವೆ ಬಿಸಿಲು ಇಳಿಯದಷ್ಟು ಕಿರಿದಾದ ಓಣಿ. ಮಾನ್‌ಖುರ್ದ್‌ನ ಲಲ್ಲೂಭಾಯಿ ಕಾಂಪೌಂಡ್ ಸೇರಿದಂತೆ ಇಂಥ ಮೂರು ಬಡಾವಣೆಗಳನ್ನು ವೈದ್ಯರು ಮತ್ತು ತಂತ್ರಜ್ಞರು ಅಧ್ಯಯನ ಮಾಡಿ 2018ರಲ್ಲಿ ವರದಿ ಕೊಟ್ಟರು. ಗಾಳಿ ಬೆಳಕು ಕಡಿಮೆಯಿರುವ ಕೆಳ ಅಂತಸ್ತುಗಳ ಮನೆಗಳಲ್ಲಿ ಕ್ಷಯ ರೋಗ ಹೆಚ್ಚು ಎಂದು ಆ ವರದಿ ಹೇಳಿತು.